ಕಾಯುವ ಖರ್ಚು ಯಾರ ತಲೆಗೆ?

1999ರ ನವೆಂಬರ್‌ನಲ್ಲಿ, ಲಾಸ್ ವೇಗಾಸಿನ ಕಾಮ್‌ಡೆಕ್ಸ್ ಮೇಳದ ಹೊತ್ತಿಗೆ, ತ್ರೀಡಿಎಫ್‌ಎಕ್ಸ್ ಎಂಬ ಕಂಪನಿ ವೂಡೂ 5 6000 ಎಂಬ ಗ್ರಾಫಿಕ್ಸ್ ಕಾರ್ಡು ಬರಲಿದೆ ಎಂದು ಸಾರಿತು. ಉದ್ದನೆಯ ಒಂದೇ ಬೋರ್ಡಿನ ಮೇಲೆ ಸಾಲಾಗಿ ನಾಲ್ಕು ಚಿಪ್ಪು, 128 ಎಂಬಿ ಮೆಮೊರಿ, ಬೆಲೆ ಸುಮಾರು 600 ಡಾಲರ್. ಅದು ಕೇಳುವ ಕರೆಂಟನ್ನು ಕಂಪ್ಯೂಟರಿನೊಳಗಿನ ವಿದ್ಯುತ್ ಪೂರೈಕೆಯ ಡಬ್ಬ, ಅಂದರೆ ಎಸ್‌ಎಂಪಿಎಸ್‌ನಿಂದ ಕೊಡುವುದು ಕಷ್ಟ ಎಂದು ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಬೇರೆಯದೇ ಒಂದು ಅಡಾಪ್ಟರು. ಪತ್ರಿಕೆಗಳು ಅದರ ಫೋಟೋ ಹಾಕಿದವು. ಜಗತ್ತಿನ ಎಲ್ಲ ಊರುಗಳ ಆಟದ ಹುಚ್ಚರು ಕಾಯಲು ಕೂತರು. ಆ ಕಾರ್ಡು ಯಾವ ಅಂಗಡಿಗೂ ಬರಲಿಲ್ಲ. ಒಂದು ವರ್ಷ ದಾಟಿ ತಿಂಗಳಾಗುವಷ್ಟರಲ್ಲಿ ಕಂಪನಿಯೇ ಮಾರಾಟಕ್ಕೆ ಬಂದಿತ್ತು.

ಆಗ ನಾನು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಚಿಕ್ಕಪ್ಪನ ಅಂಗಡಿಯ ಕೌಂಟರಿನಲ್ಲಿ ಕೂರುತ್ತಿದ್ದೆ. ಟೌನ್‌ಹಾಲ್ ಹತ್ತಿರ ಬಸ್ಸಿಳಿದು, ಆಟೋ, ತಳ್ಳುಗಾಡಿಗಳ ನಡುವೆ ನುಸುಳಿ, ಕಿರಿದಾದ ಮೆಟ್ಟಿಲು ಹತ್ತಿ ಬರುವ ಗಿರಾಕಿಗೆ ಕೊಟೇಷನ್ ಬರೆದುಕೊಡುವುದು ನನ್ನ ಕೆಲಸ. ಪುಟ್ಟ ಪ್ಯಾಡಿನ ಹಾಳೆ, ಕೆಳಗೆ ಕಾರ್ಬನ್. ಪ್ರೊಸೆಸರ್, ಮದರ್‌ಬೋರ್ಡ್, ರ್‍ಯಾಮ್, ಹಾರ್ಡ್ ಡಿಸ್ಕ್, ಎಜಿಪಿ ಸ್ಲಾಟಿಗೆ ಹಾಕುವ ಗ್ರಾಫಿಕ್ಸ್ ಕಾರ್ಡು, ಮಾನಿಟರ್, ಎಸ್‌ಎಂಪಿಎಸ್ ಸಮೇತ ಕ್ಯಾಬಿನೆಟ್, ಕೊನೆಗೆ ಕೀಬೋರ್ಡು, ಮೌಸು. ಬಿಲ್ ಬೇಕೋ ಬೇಡವೋ ಅನ್ನುವುದರ ಮೇಲೆ ಮೊತ್ತ. ಅಗ್ಗದಲ್ಲಿ ಮುಗಿಸುವವರಿಗೆ ಇಂಟೆಲ್ 810 ಚಿಪ್‌ಸೆಟ್ಟಿನ ಬೋರ್ಡು. ಅದರಲ್ಲಿ ಗ್ರಾಫಿಕ್ಸ್ ಒಳಗೇ ಇರುತ್ತಿತ್ತು, ಎಜಿಪಿ ಸ್ಲಾಟೇ ಇರುತ್ತಿರಲಿಲ್ಲ. ಕಾಯುವ ಜಾತಿಯವರನ್ನು ಅಲ್ಲೇ ಗುರುತಿಸಬಹುದಿತ್ತು. “810 ಬೇಡ ಸಾರ್, ಸ್ಲಾಟ್ ಇರೋದೇ ಕೊಡಿ. ಸದ್ಯಕ್ಕೆ ಯಾವುದಾದರೂ ಚೀಪ್ ಕಾರ್ಡ್ ಹಾಕಿ, ಆಮೇಲೆ ದೊಡ್ಡದು ತಗೊಳ್ತೀನಿ.” ಸದ್ಯಕ್ಕೆ ಅಂದರೆ ಸಿಸ್ 6326. ಹಾಳೆಯಲ್ಲಿ ಎಜಿಪಿ ಸಾಲಿನ ಎದುರು ಅದನ್ನು ಬರೆದು ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಿದ್ದೆ.

ಡಾಲರಿಗೆ 43 ರೂಪಾಯಿ ಆಸುಪಾಸಿನ ಕಾಲ ಅದು. ಸುಂಕ, ಸಾಗಣೆ ಬಿಟ್ಟು ಲೆಕ್ಕ ಹಾಕಿದರೂ 600 ಡಾಲರಿನ ಕಾರ್ಡು 25 ಸಾವಿರ ದಾಟುತ್ತಿತ್ತು. ಅಷ್ಟು ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿದರೆ ಮಾನಿಟರ್ ಸಮೇತ ಪೂರ್ತಿ ಕಂಪ್ಯೂಟರನ್ನೇ ಜೋಡಿಸಿಕೊಡುತ್ತಿದ್ದೆವು. ಚಿಕ್ಕಪ್ಪ ನಗುತ್ತಿದ್ದ: “ಎಂಜಿನ್ನಿಗಿಂತ ಹಾರ್ನ್ ದುಬಾರಿ ಆಯ್ತಲ್ಲೋ!”

ಈ ಕಸುಬಿನಲ್ಲಿ ಇಷ್ಟು ವರ್ಷ ಕಳೆದ ಮೇಲೆ ನನಗೆ ಅನ್ನಿಸುವುದು ಇದು. ದುಬಾರಿ ಕಾರ್ಡಿಗೆ ಎರಡು ಬೆಲೆ ಇರುತ್ತವೆ. ಡಬ್ಬದ ಮೇಲಿನ ಬೆಲೆ ಎಲ್ಲರಿಗೂ ಕಾಣುತ್ತದೆ, ಅದರ ಬಗ್ಗೆಯೇ ಎಲ್ಲರೂ ಬೈದಾಡುತ್ತಾರೆ. ಇನ್ನೊಂದು ಕಾಯುವುದರ ಬೆಲೆ. ಅದನ್ನು ಯಾರೋ ಒಬ್ಬರು ತೆರಲೇಬೇಕು. 2000ನೇ ಇಸವಿಯಲ್ಲಿ ಅದನ್ನು ಕಂಪನಿ ತೆತ್ತಿತು. 2020ರ ಹೊತ್ತಿಗೆ ಗಿರಾಕಿ ತೆರತೊಡಗಿದ್ದ. ಗ್ರಾಫಿಕ್ಸ್ ಕಾರ್ಡಿನ ಚರಿತ್ರೆ ಅಂತ ಏನಾದರೂ ಇದ್ದರೆ ಅದು ಆ ಖರ್ಚು ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ದಾಟಿದ ಕಥೆ.

ತ್ರೀಡಿಎಫ್‌ಎಕ್ಸ್ ಶುರುವಾದದ್ದು 1994ರಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ರಾಸ್ ಸ್ಮಿತ್, ಗ್ಯಾರಿ ಟಾರೊಲ್ಲಿ, ಸ್ಕಾಟ್ ಸೆಲರ್ಸ್ ಅದನ್ನು ಕಟ್ಟಿದವರು. ಮೊದಲಿಗೆ ಅವರ ಚಿಪ್ಪು ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರಗಳಿಗೆ ಹೋಗುತ್ತಿತ್ತು. ಅಟಾರಿಯ ‘ಸ್ಯಾನ್ ಫ್ರಾನ್ಸಿಸ್ಕೊ ರಷ್’ ಕಾರ್ ಓಟದ ಆಟ ಓಡಿದ್ದು ಅದರ ಮೇಲೆಯೇ. ಮನೆಯ ಕಂಪ್ಯೂಟರಿಗೆ ಅದು ಇಳಿದು ಬಂದದ್ದು 1996ರಲ್ಲಿ ಮೆಮೊರಿ ಚಿಪ್ಪುಗಳ ದರ ಬಿದ್ದಾಗ. ಆ ವರ್ಷದ ಕೊನೆಯಲ್ಲಿ 4 ಎಂಬಿ ಮೆಮೊರಿಯ ವೂಡೂ ಕಾರ್ಡುಗಳು ಸುಮಾರು 300 ಡಾಲರಿಗೆ ಅಮೆರಿಕದ ಅಂಗಡಿ ಸೇರಿದವು.

ಆ ಮೊದಲ ವೂಡೂ ವಿಚಿತ್ರ ವಸ್ತು. ಅದಕ್ಕೆ ಮೂರು ಆಯಾಮದ ಆಟ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ವಿಂಡೋಸ್ ತೋರಿಸಲು ನಿಮ್ಮ ಹಳೆಯ ಕಾರ್ಡೂ ಒಳಗೆ ಇರಬೇಕು. ಹಿಂಬದಿಯಲ್ಲಿ ಹಳೆಯ ಕಾರ್ಡಿನಿಂದ ಒಂದು ಗಿಡ್ಡ ವಿಜಿಎ ಕೇಬಲ್ಲು ವೂಡೂವಿಗೆ, ವೂಡೂವಿನಿಂದ ಮಾನಿಟರಿಗೆ ಇನ್ನೊಂದು. ಆಟ ಶುರುವಾದಾಗ ವೂಡೂ ಹಳೆಯ ಕಾರ್ಡಿನ ಚಿತ್ರವನ್ನು ತಡೆದು ತನ್ನದನ್ನು ಬಿಡುತ್ತಿತ್ತು. ಆರ್ಕಿಡ್ ಕಂಪನಿಯ ರೈಚಸ್ 3ಡಿ ಎಂಬ ಕಾರ್ಡಿನಲ್ಲಿ ಈ ಅದಲುಬದಲಿಗೆ ನಿಜವಾದ ರಿಲೇ ಇತ್ತು. ಕ್ಯಾಬಿನೆಟ್ಟಿನೊಳಗಿಂದ ‘ಟಕ್’ ಅಂತ ಕೇಳಿಸಿತೆಂದರೆ ಇನ್ನು ಚಿತ್ರ ಬದಲಾಗುತ್ತದೆ ಎಂದರ್ಥ. 1997ರ ಜನವರಿಯಲ್ಲಿ ಇಡ್ ಸಾಫ್ಟ್‌ವೇರ್‌ನವರು ‘ಕ್ವೇಕ್’ ಆಟಕ್ಕೆ ಜಿಎಲ್ ಕ್ವೇಕ್ ಬಿಟ್ಟರು. ಅಲ್ಲಿಯವರೆಗೆ ಚೌಕಚೌಕವಾಗಿ ಒರಟಾಗಿ ಕಾಣುತ್ತಿದ್ದ ಗೋಡೆಗಳು ನುಣುಪಾದವು, ನೀರಿನ ಕೆಳಗೆ ಏನಿದೆ ಎಂದು ಕಾಣತೊಡಗಿತು. ಕಾಯುವ ಚಟ ಹುಟ್ಟಿದ್ದೇ ಅಲ್ಲಿಂದ. ಒಮ್ಮೆ ಇಷ್ಟು ದೊಡ್ಡ ಜಿಗಿತ ನೋಡಿದವನು ಮುಂದಿನದೂ ಹೀಗೇ ಇರುತ್ತದೆ ಎಂದು ನಂಬದೆ ಇರಲಾರ.

1998ರಲ್ಲಿ ವೂಡೂ 2 ಬಂತು. ಅಂಥ ಎರಡು ಕಾರ್ಡುಗಳನ್ನು ಒಂದು ರಿಬ್ಬನ್ ಕೇಬಲ್ಲಿನಿಂದ ಜೋಡಿಸಿ ಓಡಿಸಬಹುದಿತ್ತು. ಒಂದು ಕಾರ್ಡು ಪರದೆಯ ಸಮಸಂಖ್ಯೆಯ ಗೆರೆಗಳನ್ನು ಬಿಡಿಸಿದರೆ ಇನ್ನೊಂದು ಬೆಸಸಂಖ್ಯೆಯವನ್ನು. 12 ಎಂಬಿಯ ಕಾರ್ಡಿಗೆ ಸುಮಾರು 300 ಡಾಲರ್, ಜೋಡಿಗೆ 600. ಅಂದರೆ 600 ಡಾಲರ್ ಕೊಡುವ ಗಿರಾಕಿ ಇದ್ದಾನೆ ಎಂದು ತ್ರೀಡಿಎಫ್‌ಎಕ್ಸ್‌ಗೆ ಆಗಲೇ ಗೊತ್ತಾಗಿತ್ತು. ವೂಡೂ 5 6000ದ ಬೆಲೆ ಗಾಳಿಯಿಂದ ಬಂದದ್ದಲ್ಲ.

ಅದೇ ವರ್ಷದ ಕೊನೆಗೆ ಕಂಪನಿ ಒಂದು ದೊಡ್ಡ ಹೆಜ್ಜೆ ಇಟ್ಟಿತು. ಅಲ್ಲಿಯವರೆಗೆ ಚಿಪ್ಪು ಮಾತ್ರ ತನ್ನದು. ಕಾರ್ಡು ಮಾಡಿ ಮಾರುವವರು ಕ್ರಿಯೇಟಿವ್, ಡೈಮಂಡ್ ಮುಂತಾದವರು. ಈಗ ಎಸ್‌ಟಿಬಿ ಎಂಬ ಬೋರ್ಡ್ ತಯಾರಕ ಕಂಪನಿಯನ್ನೇ ಕೊಂಡು, ಮೆಕ್ಸಿಕೋದ ಹ್ವಾರೆಸ್ ನಗರದ ಅದರ ಕಾರ್ಖಾನೆಯಲ್ಲಿ ತಾನೇ ಕಾರ್ಡು ಮಾಡಿ ಡಬ್ಬಕ್ಕೆ ತನ್ನ ಹೆಸರು ಹಾಕಿತು. ನಿನ್ನೆಯವರೆಗೆ ಮಾಲು ಮಾರಿಕೊಟ್ಟವರೆಲ್ಲ ಬೆಳಗಾಗುವುದರೊಳಗೆ ಎದುರಾಳಿಗಳಾದರು. ಅವರು ಹೋಗಿ ಸೇರಿದ್ದು ಚಿಪ್ಪು ಮಾಡುವ ಇನ್ನೊಂದು ಕಂಪನಿ ಎನ್ವಿಡಿಯಾವನ್ನು. ಎಸ್.ಪಿ. ರೋಡಿನಲ್ಲಿ ಕೂತವನಿಗೆ ಈ ಸುದ್ದಿಯ ಹೂರಣ ತಿಳಿಯದಿದ್ದರೂ ಶೆಲ್ಫಿನಲ್ಲಿ ಅದು ಕಾಣುತ್ತಿತ್ತು. ಪರಿಚಿತ ಹೆಸರುಗಳ ಡಬ್ಬದೊಳಗೆ ವೂಡೂ ಇಲ್ಲವಾಗಿ ಎನ್ವಿಡಿಯಾದ ಟಿಎನ್‌ಟಿ 2 ಬರತೊಡಗಿತು.

ಎನ್ವಿಡಿಯಾ ಕೂಡ ಸಾವಿನ ಬಾಗಿಲು ತಟ್ಟಿ ಬಂದ ಕಂಪನಿಯೇ. 1993ರಲ್ಲಿ ಜೆನ್ಸನ್ ಹ್ವಾಂಗ್, ಕ್ರಿಸ್ ಮಲಕೋವ್‌ಸ್ಕಿ, ಕರ್ಟಿಸ್ ಪ್ರೀಮ್ ಸ್ಯಾನ್ ಹೋಸೆಯ ಡೆನ್ನೀಸ್ ಹೋಟೆಲಿನ ಮೇಜಿನಲ್ಲಿ ಕೂತು ಅದರ ಯೋಜನೆ ಹಾಕಿದ್ದರು. 1995ರ ಮೊದಲ ಚಿಪ್ಪು ಎನ್‌ವಿ1 ಮಕಾಡೆ ಮಲಗಿತು. ಜಪಾನಿನ ಸೆಗಾ ಕಂಪನಿ ಕೊಟ್ಟ 50 ಲಕ್ಷ ಡಾಲರಿನಲ್ಲಿ ಉಸಿರು ಹಿಡಿದು 1997ರಲ್ಲಿ ರಿವಾ 128 ತಂದಿತು, ಬದುಕಿಕೊಂಡಿತು. ಆ ಪೆಟ್ಟಿನಿಂದ ಅದು ಕಲಿತ ಪಾಠವೆಂದರೆ ತಡಮಾಡಬಾರದು. ಒಂದು ತಂಡ ಈಗಿನ ಚಿಪ್ಪಿನ ಮೇಲೆ, ಇನ್ನೊಂದು ಮುಂದಿನದರ ಮೇಲೆ, ಮತ್ತೊಂದು ಅದರ ಮುಂದಿನದರ ಮೇಲೆ. ಹೆಚ್ಚುಕಡಿಮೆ ಆರು ತಿಂಗಳಿಗೊಂದು ಹೊಸ ಮಾಲು. 1999ರ ವಸಂತದಲ್ಲಿ ಟಿಎನ್‌ಟಿ 2, ಅಕ್ಟೋಬರಿನಲ್ಲಿ ಜಿಫೋರ್ಸ್ 256, 2000ದ ಏಪ್ರಿಲ್‌ನಲ್ಲಿ ಜಿಫೋರ್ಸ್ 2 ಜಿಟಿಎಸ್, ಆಗಸ್ಟ್‌ನಲ್ಲಿ 499 ಡಾಲರಿನ ಜಿಫೋರ್ಸ್ 2 ಅಲ್ಟ್ರಾ.

ಇತ್ತ ತ್ರೀಡಿಎಫ್‌ಎಕ್ಸ್ ಕಾಯಿಸುತ್ತಲೇ ಇತ್ತು. ವೂಡೂ 5ರ ಎರಡು ಚಿಪ್ಪಿನ ತಮ್ಮ, 5500, ಅಂಗಡಿಗೆ ಬಂದದ್ದೇ 2000ದ ಮಧ್ಯದಲ್ಲಿ. ಅಷ್ಟರಲ್ಲಿ ಜಿಫೋರ್ಸ್ 2 ಆಗಲೇ ಮಾರಾಟಕ್ಕಿತ್ತು. ನಾಲ್ಕು ಚಿಪ್ಪಿನ ಅಣ್ಣ ಪ್ರಯೋಗಶಾಲೆಯಿಂದ ಹೊರಬೀಳಲಿಲ್ಲ. ನಾಲ್ಕು ಚಿಪ್ಪುಗಳನ್ನು ಒಂದು ಎಜಿಪಿ ಸ್ಲಾಟಿಗೆ ಹೊಂದಿಸಲು ನಡುವೆ ಬೇರೊಂದು ಸೇತುವೆ ಚಿಪ್ಪು ಬೇಕಾಗಿತ್ತು. ಮಾದರಿ ಬೋರ್ಡುಗಳಲ್ಲಿ ಒಂದು ತೊಂದರೆ ಸರಿಮಾಡಿದರೆ ಇನ್ನೊಂದು ಏಳುತ್ತಿತ್ತು.

ಕೌಂಟರಿನಲ್ಲಿ ಈ ತಡದ ಪರಿಣಾಮ ತುಂಬ ಸರಳವಾಗಿತ್ತು. ಮನೆಗೆ ಹೋಗಿ ಕಾಯುತ್ತೇನೆ ಅಂದ ಹುಡುಗ ಎರಡು ಹಬ್ಬ ಕಳೆದ ಮೇಲೆ ಮತ್ತೆ ಬರುತ್ತಿದ್ದ. “ಬಂತಾ ಸಾರ್?” “ಇಲ್ಲಪ್ಪ.” “ಬೇರೆ ಏನಿದೆ?” ಈ ಮೂರನೆಯ ಮಾತೇ ತ್ರೀಡಿಎಫ್‌ಎಕ್ಸಿನ ಕುತ್ತಿಗೆಗೆ ಬಂದದ್ದು. ದೊಡ್ಡದನ್ನು ಸಾರಿ ತಾನು ಮಾರುತ್ತಿದ್ದ ವೂಡೂ 3ರ ಗಿರಾಕಿಯನ್ನೇ ಅದು ತಡೆದಿತ್ತು. ಹಾಗೆ ತಡೆದ ಗಿರಾಕಿಯನ್ನು ಹಿಡಿದಿಟ್ಟುಕೊಳ್ಳಲು ಕೈಯಲ್ಲಿ ಮಾಲಿರಲಿಲ್ಲ. ಪಕ್ಕದ ಶೆಲ್ಫಿನಲ್ಲಿ ಎನ್ವಿಡಿಯಾ ಇತ್ತು, ಆಚೆ ಎಟಿಐ ಇತ್ತು, ಮ್ಯಾಟ್ರಾಕ್ಸ್ ಇತ್ತು. ಕಾದು ಬೇಸತ್ತ ಹುಡುಗನಿಗೆ ನಷ್ಟವೇನೂ ಆಗಲಿಲ್ಲ. ಬದಲಿಗೆ ಕಾದದ್ದರಿಂದ ಲಾಭವೇ ಆಯಿತು, ಯಾಕೆಂದರೆ ಆರು ತಿಂಗಳಿಗೊಮ್ಮೆ ಹಳೆಯದರ ರೇಟು ಇಳಿಯುತ್ತಿತ್ತು.

2000ದ ನವೆಂಬರಿನಲ್ಲಿ ತ್ರೀಡಿಎಫ್‌ಎಕ್ಸ್ ಕಾರ್ಡು ಮಾಡುವ ವ್ಯಾಪಾರ ಬಿಡುವುದಾಗಿ ಹೇಳಿತು. ಡಿಸೆಂಬರ್ 15ರಂದು ತನ್ನ ಮುಖ್ಯ ಆಸ್ತಿಯನ್ನೆಲ್ಲ 7 ಕೋಟಿ ಡಾಲರ್ ನಗದು, 10 ಲಕ್ಷ ಷೇರುಗಳಿಗೆ ಎನ್ವಿಡಿಯಾಗೇ ಮಾರಲು ಒಪ್ಪಿತು. 2002ರಲ್ಲಿ ದಿವಾಳಿ ಅರ್ಜಿ. ಹೊಸ ಯಜಮಾನರು ಹಳೆಯ ವೂಡೂಗಳಿಗೆ ಡ್ರೈವರ್ ಬರೆಯುವ ಜವಾಬ್ದಾರಿ ಹೊರಲಿಲ್ಲ. ವೂಡೂ 5 6000ದ ಮಾದರಿ ಬೋರ್ಡುಗಳು ಅಲ್ಲೊಂದು ಇಲ್ಲೊಂದು ಹೊರಗೆ ಉಳಿದುಕೊಂಡವು. ಇವತ್ತು ಅವು ಸಂಗ್ರಾಹಕರ ನಡುವೆ ಸಾವಿರಾರು ಡಾಲರಿಗೆ ಕೈ ಬದಲಾಗುತ್ತವೆ, ಕೆಲವು ಈಗಲೂ ಆಟ ಓಡಿಸುತ್ತವೆ.

ಮುಂದಿನ ಹದಿನೈದು ವರ್ಷ ಕಾಯುವವನ ಸುವರ್ಣಯುಗ. 2002ರ ಆಗಸ್ಟ್‌ನಲ್ಲಿ ಎಟಿಐನ ರೇಡಿಯಾನ್ 9700 ಪ್ರೊ ಬಂದು ಎನ್ವಿಡಿಯಾವನ್ನೇ ಕಂಗೆಡಿಸಿತು. ಅದಕ್ಕೆ ಉತ್ತರವಾಗಿ 2003ರಲ್ಲಿ ಬಂದ ಜಿಫೋರ್ಸ್ ಎಫ್‌ಎಕ್ಸ್ 5800 ಅಲ್ಟ್ರಾ ತಡವಾಗಿತ್ತು, ಬಿಸಿಯಾಗುತ್ತಿತ್ತು. ಅದರ ಫ್ಯಾನಿನ ಸದ್ದನ್ನು ಎನ್ವಿಡಿಯಾದವರೇ ವೀಡಿಯೊ ಮಾಡಿ ಗೇಲಿ ಮಾಡಿಕೊಂಡರು. 2006ರಲ್ಲಿ ಪ್ರೊಸೆಸರ್ ಕಂಪನಿ ಎಎಂಡಿ 540 ಕೋಟಿ ಡಾಲರಿಗೆ ಎಟಿಐಯನ್ನು ಕೊಂಡಿತು. ಆ ನವೆಂಬರಿನಲ್ಲಿ ಬಂದ 8800 ಜಿಟಿಎಕ್ಸ್ 599 ಡಾಲರ್. ಹತ್ತು ವರ್ಷ ಬಿಟ್ಟು 2016ರಲ್ಲಿ ಬಂದ ಜಿಟಿಎಕ್ಸ್ 1080ರ ಬೆಲೆಯೂ 599ರಿಂದಲೇ ಶುರು. ನಡುವೆ ಸಾವಿರ ಡಾಲರಿನ ಟೈಟನ್‌ನಂಥವು ಬಂದುಹೋದರೂ ತಲೆ ನೆಟ್ಟಗಿರುವ ಗಿರಾಕಿ ಅವುಗಳ ಕಡೆ ತಿರುಗುತ್ತಿರಲಿಲ್ಲ.

8800ರ ಜೊತೆ ಇನ್ನೊಂದು ಬಂದಿತ್ತು, ‘ಕುಡಾ’ (CUDA) ಎಂಬುದು. ಆಟದ ಕಾರ್ಡಿನಲ್ಲಿ ಆಟವಲ್ಲದ ಲೆಕ್ಕಗಳನ್ನೂ ಮಾಡಿಸುವ ವ್ಯವಸ್ಥೆ. ಕೌಂಟರಿನಲ್ಲಿ ಯಾರೂ ಅದನ್ನು ಕೇಳಿಕೊಂಡು ಬರಲಿಲ್ಲ. ಆದರೆ ಮುಂದೆ ಆಟದ ಹುಡುಗನನ್ನು ಸಾಲಿನ ಹಿಂದಕ್ಕೆ ತಳ್ಳಿದ್ದು ಅದೇ. ಹವಾಮಾನ ಸಂಶೋಧಕ, ಸಿನಿಮಾದ ಗ್ರಾಫಿಕ್ಸ್ ಮಾಡುವವ, ಈಥೀರಿಯಂ ಎಂಬ ಕ್ರಿಪ್ಟೊ ನಾಣ್ಯದ ಗಣಿಗಾರ, ಕೊನೆಗೆ ಕೃತಕ ಬುದ್ಧಿಮತ್ತೆಯ ಕಂಪನಿಗಳು, ಹೀಗೆ ಒಬ್ಬೊಬ್ಬರಾಗಿ ಅದೇ ಮಾಲಿಗೆ ಕೈಚಾಚಿದರು. 2020ರ ಜುಲೈಗೆ ಮುಗಿದ ತ್ರೈಮಾಸಿಕದಲ್ಲಿ ಮೊದಲ ಬಾರಿಗೆ ಎನ್ವಿಡಿಯಾದ ಡೇಟಾ ಸೆಂಟರ್ ವರಮಾನ 175 ಕೋಟಿ ಡಾಲರಾಯಿತು, ಆಟದ ಕಾರ್ಡುಗಳದು 165 ಕೋಟಿಯಲ್ಲೇ ನಿಂತಿತು.

ಅದಾಗಿ ಕೆಲವೇ ವಾರಗಳಿಗೆ, ಸೆಪ್ಟೆಂಬರ್ 1ರಂದು, ಕೊರೋನಾ ಕಾಲವಾದ್ದರಿಂದ ತಮ್ಮ ಅಡುಗೆಮನೆಯಲ್ಲೇ ನಿಂತು ಹ್ವಾಂಗ್ 3080, 3090 ಕಾರ್ಡುಗಳನ್ನು ತೋರಿಸಿದರು. 3080ಗೆ 699 ಡಾಲರ್. ನಮ್ಮಲ್ಲಿ ಘೋಷಿಸಿದ ಬೆಲೆ 71 ಸಾವಿರ ರೂಪಾಯಿ. 3090ಗೆ 1 ಲಕ್ಷದ 52 ಸಾವಿರ. ಸೆಪ್ಟೆಂಬರ್ 17ರಂದು 3080 ಮಾರಾಟ ಶುರುವಾದ ಕೆಲವೇ ನಿಮಿಷಗಳಲ್ಲಿ ಖಾಲಿ. ಮನುಷ್ಯರಿಗಿಂತ ಮುಂಚೆ ಬಾಟ್‌ಗಳು ಕೊಂಡಿದ್ದವು. ಚಿಪ್ಪಿನ ಕೊರತೆ, ಈಥೀರಿಯಂ ಗಣಿಗಾರಿಕೆ ಎರಡೂ ಸೇರಿ ಮುಂದಿನ ವರ್ಷ ಘೋಷಿತ ಬೆಲೆಯ ದುಪ್ಪಟ್ಟು ಕೇಳಿದರೂ ಮಾಲು ಸಿಗುವುದು ಕಷ್ಟವಾಯಿತು. ಕಾರ್ಡು ಬೇಕಾದರೆ ಮಾನಿಟರನ್ನೋ ಮದರ್‌ಬೋರ್ಡನ್ನೋ ಜೊತೆಗೆ ತಗೊಳ್ಳಲೇಬೇಕು ಎಂಬ ಬಂಡಲ್ ವ್ಯಾಪಾರ ಬಂತು. ಆಗ ನನ್ನ ಅಂಗಡಿಗೆ ಬಂದವರಲ್ಲಿ ಹಲವರು ಆಟದವರೇ ಅಲ್ಲ. ಕಾಲೇಜು ಮುಚ್ಚಿದ್ದರಿಂದ ಮನೆಯಲ್ಲೇ ಮನೆನಕ್ಷೆಯ ರೆಂಡರ್ ತೆಗೆಯಬೇಕಾದ ಆರ್ಕಿಟೆಕ್ಚರ್ ವಿದ್ಯಾರ್ಥಿಗಳು, ಮದುವೆ ವೀಡಿಯೊ ಎಡಿಟ್ ಮಾಡುವವರು. ಸಬ್‌ಮಿಷನ್ ತಾರೀಖು ಅವರಿಗಾಗಿ ಮುಂದೆ ಹೋಗುತ್ತಿರಲಿಲ್ಲ. ಕಾದರೆ ಕೆಲಸ ಕೆಡುತ್ತಿತ್ತು, ಕೊಂಡರೆ ಮನೆಯ ಲೆಕ್ಕ ಕೆಡುತ್ತಿತ್ತು. ಯಾವ ಕಂಪನಿಯೂ ಇವರು ಕಾದದ್ದಕ್ಕೆ ಒಂದು ರೂಪಾಯಿ ಕಳೆದುಕೊಳ್ಳಲಿಲ್ಲ.

2022ರಲ್ಲಿ ಇದರ ರುಜುವಾತು ಸಿಕ್ಕಿತು. ಸೆಪ್ಟೆಂಬರ್ 20ರಂದು ಎನ್ವಿಡಿಯಾ 4090ರ ಜೊತೆಗೆ 899 ಡಾಲರಿನ 12 ಜಿಬಿ 4080 ಎಂಬುದನ್ನೂ ಸಾರಿತು. ಒಂದೇ ಹೆಸರಿನಲ್ಲಿ ಎರಡು ಬೇರೆ ಚಿಪ್ಪಿನ ಕಾರ್ಡು ಮಾರುತ್ತಿದ್ದೀರಿ ಎಂದು ಜನ ಉಗಿದರು. ಅಕ್ಟೋಬರ್ 14ರಂದು ಕಂಪನಿ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಜನವರಿಯಲ್ಲಿ ಅದೇ ಕಾರ್ಡು 4070 ಟಿಐ ಎಂಬ ಹೆಸರಿನಲ್ಲಿ 799 ಡಾಲರಿಗೆ ಬಂತು. ಸಾರಿದ ಕಾರ್ಡೊಂದನ್ನು ತರಲಾರದೆ ತ್ರೀಡಿಎಫ್‌ಎಕ್ಸ್ ನೆಲಕಚ್ಚಿತ್ತು. ಇಲ್ಲಿ ಸಾರಿ, ವಾಪಸ್ ಪಡೆದು, ಹೆಸರು ತಿದ್ದಿ ಮಾರಿದರೂ ಕಂಪನಿಯ ಮೈಗೆ ಗೀರೂ ತಾಗಲಿಲ್ಲ.

4090ರ ಡಬ್ಬ ಮೊದಲು ತೆರೆದಾಗ ಕೈಗೆ ಬಂದದ್ದು ಎರಡು ಕಿಲೋಗೂ ಮಿಕ್ಕ ತೂಕ. ಬೋರ್ಡಿಗಿಂತ ಹೀಟ್‌ಸಿಂಕೇ ಹೆಚ್ಚು. ಸ್ಲಾಟಿಗೆ ಸಿಕ್ಕಿಸಿ ಸ್ಕ್ರೂ ಬಿಗಿದರೂ ಇನ್ನೊಂದು ತುದಿ ನಿಧಾನಕ್ಕೆ ಬಾಗುತ್ತದೆ, ಅಡಿಯಲ್ಲಿ ಊರುಗೋಲು ಕೊಡಬೇಕು. 450 ವಾಟನ್ನು ಹೊರುವ ಪುಟ್ಟ ಕನೆಕ್ಟರನ್ನು ಪೂರ್ತಿ ಒಳಗೆ ಒತ್ತಿ, ಎಲ್ಲೂ ಸಂದು ಕಾಣುತ್ತಿಲ್ಲ ಎಂದು ಟಾರ್ಚ್ ಬಿಟ್ಟು ನೋಡಿ, ಅದರ ಬುಡದಲ್ಲೇ ವೈರು ಮಡಚದಂತೆ ತಿರುಗಿಸಿ, ಆಮೇಲೆ ಕ್ಯಾಬಿನೆಟ್ಟಿನ ಬಾಗಿಲು ಮುಚ್ಚುವುದು. ಆ ಅಕ್ಟೋಬರಿನಲ್ಲೇ ಕನೆಕ್ಟರ್ ಕರಗಿದ ಫೋಟೋಗಳು ಹೊರಬಿದ್ದಿದ್ದವು. ಜಗತ್ತಿನಾದ್ಯಂತ ಸುಮಾರು 50 ಪ್ರಕರಣ, ಬಹುಪಾಲು ಪೂರ್ತಿ ಸಿಕ್ಕಿಸದ್ದರಿಂದ ಎಂದು ಕಂಪನಿ ನವೆಂಬರಿನಲ್ಲಿ ಹೇಳಿತು. ಮರುವರ್ಷ ಆ ಕನೆಕ್ಟರಿನ ವಿನ್ಯಾಸವನ್ನೇ ತಿದ್ದಿದರು. ವೂಡೂ 5 6000ದ ಗೋಡೆ ಅಡಾಪ್ಟರ್ ನೋಡಿ ನಾವು ನಕ್ಕ ಕಾಲದಲ್ಲಿ ಇಡೀ ಕಂಪ್ಯೂಟರಿಗೆ 250 ವಾಟಿನ ಎಸ್‌ಎಂಪಿಎಸ್ ಸಾಕಾಗುತ್ತಿತ್ತು. 2025ರ ಜನವರಿ 30ರಂದು ಮಾರಾಟಕ್ಕೆ ಬಂದ 5090 ಒಂದೇ 575 ವಾಟ್ ಕೇಳುತ್ತದೆ. 12 ವೋಲ್ಟಿನಲ್ಲಿ ಅದು 48 ಆಂಪಿಯರ್.

5090 ಬಂದಾಗ ಘೋಷಿಸಿದ ಬೆಲೆ 1,999 ಡಾಲರ್, ನಮ್ಮಲ್ಲಿ 2 ಲಕ್ಷದ 14 ಸಾವಿರದಿಂದ ಶುರುವಾಗಿತ್ತು. ಆ ಬೆಲೆಗೆ ಸಿಕ್ಕದ್ದು ಅಪರೂಪ. ಅದಕ್ಕೆ ಕಾದವರಲ್ಲಿ ನನಗೆ ಹೊಸದಾಗಿ ಕಂಡವರು ಬೆಂಗಳೂರಿನ ಸಾಫ್ಟ್‌ವೇರಿನವರು. ಭಾಷಾ ಮಾದರಿಗಳನ್ನು ಮನೆಯಲ್ಲೇ ಓಡಿಸಿ ನೋಡುವ ಆಸೆ. ಅವರು ಫ್ರೇಮ್ ಎಷ್ಟು ಬರುತ್ತದೆ ಎಂದು ಕೇಳುವುದಿಲ್ಲ, ಮೆಮೊರಿ ಎಷ್ಟು ಎಂದು ಕೇಳುತ್ತಾರೆ. 32 ಜಿಬಿ ಎಂದರೆ ಮುಖ ಅರಳುತ್ತದೆ. ಇದೇ ಗಿರಾಕಿಗಳಿಂದಾಗಿ ಕಸುಬಿನ ಅತಿ ಹಳೆಯ ಸೂತ್ರವೂ ಸುಳ್ಳಾಯಿತು. ಹೊಸದು ಬರುವಾಗ ಹಳೆಯದು ಅಗ್ಗವಾಗುತ್ತದೆ ಎಂದು ಚಿಕ್ಕಪ್ಪ ಹೇಳಿಕೊಟ್ಟಿದ್ದ, ನಾನೂ ನೂರಾರು ಜನಕ್ಕೆ ಹೇಳಿದ್ದೆ. 5090 ಬರುವ ಮುಂಚೆ 4090ರ ತಯಾರಿಕೆ ನಿಂತಿತು, ಅದರ ಬೆಲೆ ಮೇಲೇರಿತು.

ಇದಕ್ಕೆಲ್ಲ ದುರಾಸೆಯನ್ನು ದೂರುವವರು ದಿನಾ ಸಿಗುತ್ತಾರೆ. ದುರಾಸೆ 1999ರಲ್ಲೂ ಇತ್ತು, 600 ಡಾಲರ್ ಕೇಳಿದವರು ಧರ್ಮಛತ್ರ ನಡೆಸುತ್ತಿರಲಿಲ್ಲ. ಬದಲಾದದ್ದು ಶೆಲ್ಫು. ಆಗ “ಬೇರೆ ಏನಿದೆ?” ಎಂದು ಕೇಳಿದರೆ ಕೈ ತೋರಿಸಲು ನನಗೆ ಮೂರು ಹೆಸರಿದ್ದವು. ಈಗ ತುತ್ತತುದಿಯ ಮೆಟ್ಟಿಲಲ್ಲಿ ನಿಂತಿರುವುದು ಒಂದೇ ಹೆಸರು. ಆ ಮೆಟ್ಟಿಲಿನ ಗೋಜಿಗೆ ಹೋಗದೆ ಹೆಚ್ಚು ಜನ ಕೊಳ್ಳುವ ಮಟ್ಟದಲ್ಲೇ ನಿಲ್ಲುತ್ತೇವೆ ಎಂದು ಎಎಂಡಿ 2024ರಲ್ಲೇ ಹೇಳಿಬಿಟ್ಟಿತು. 2025ರ ಮಾರ್ಚ್‌ನಲ್ಲಿ ಅದು ತಂದ ರೇಡಿಯಾನ್ 9070 ಎಕ್ಸ್‌ಟಿಯ ಘೋಷಿತ ಬೆಲೆ ಮತ್ತೆ ಅದೇ 599 ಡಾಲರ್. ಕಾಯುವವನ ಮುನಿಸಿಗೆ ಕಿಮ್ಮತ್ತು ಬರುವುದು ಅವನು ಎದ್ದು ಹೋಗಲು ಇನ್ನೊಂದು ಕೌಂಟರ್ ಇದ್ದಾಗ. ಅದಿಲ್ಲದಿದ್ದರೆ ಅವನು ಎಷ್ಟು ತಾಳ್ಮೆಯಿಂದ ಕಾದರೂ ಅದು ಮಾರುವವನ ಲಾಭದ ಪುಸ್ತಕಕ್ಕೇ ಜಮೆ.

ಹಾಗಾಗಿ ಮುಂದಿನ ದೊಡ್ಡ ಕಾರ್ಡು ಯಾವಾಗ, ಅಲ್ಲಿಯವರೆಗೆ ಕಾಯಲಾ ಎಂದು ಯಾರಾದರೂ ಕೇಳಿದರೆ ನಾನೀಗ ಚಿಪ್ಪಿನ ಮಾತೇ ಎತ್ತುವುದಿಲ್ಲ. ಈ ಕಾರ್ಡಿನಿಂದ ನಿಮಗೆ ತಿಂಗಳಿಗೆ ಎಷ್ಟು ಬರುತ್ತದೆ, ಅಥವಾ ಎಷ್ಟು ಸಂತೋಷ ಸಿಗುತ್ತದೆ, ಅದನ್ನು ಕಾಯುವ ತಿಂಗಳುಗಳಿಂದ ಗುಣಿಸಿ ನೋಡಿ ಅನ್ನುತ್ತೇನೆ. ಲೆಕ್ಕ ಹಾಕಿದ ಮೇಲೆ ಹೆಚ್ಚಿನವರು ಶೆಲ್ಫಿನಲ್ಲಿ ಇರುವುದನ್ನೇ ಕೊಂಡು ಹೋಗುತ್ತಾರೆ. ಕೆಲವರು ಕಾಯುತ್ತೇನೆ ಎಂದೇ ಹಟ ಹಿಡಿಯುತ್ತಾರೆ. ಹಾಗೆ ಹಟ ಹಿಡಿದವರಿಂದ ನಾನು ಅಡ್ವಾನ್ಸ್ ತೆಗೆದುಕೊಳ್ಳುವುದಿಲ್ಲ. ಮಾಲು ಬಂದ ದಿನ ಫೋನ್ ಮಾಡುತ್ತೇನೆ, ಅಂದಿನ ರೇಟು ಕೇಳಿ ಮನಸ್ಸು ಬದಲಾದರೆ ನಡೆದು ಹೋಗುವ ಹಕ್ಕು ಅವರ ಕೈಯಲ್ಲೇ ಇರಲಿ.